ಒಂದೊಂದೇ ಎಸಳು

೨೦೨೩ನೆಯ ಇಸವಿ, ನನಗಾಗ ಐವತ್ತೆರಡು. ಗೊಬ್ಬೂರಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಆದೇಶಗಳ ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವುದನ್ನು ಕಲಿಸುತ್ತಿದ್ದ ಮೇಲ್ವಿಚಾರಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಮೌಸ್ ಮುಟ್ಟಿದವರಲ್ಲ. ಪರದೆಯ ಮೇಲಿನ ಹೂವಿನ ಪ್ರತಿ ಎಸಳಿಗೂ ಅವೇ ಬ್ಲಾಕುಗಳನ್ನು ಮತ್ತೆ ಮತ್ತೆ ಜೋಡಿಸುತ್ತಿದ್ದರು.

"'ಎಸಳು' ಎಂಬ ಸ್ವಂತ ಬ್ಲಾಕನ್ನು ಒಮ್ಮೆ ರಚಿಸಿ, ಬೇಕಾದಲ್ಲೆಲ್ಲ ಅದನ್ನೇ ಬಳಸಿರಿ" ಎಂದು, ಅವರಿಗೆ ನೆರವಾಗಲು ಹೋಗುತ್ತಿದ್ದ ನಾನು ವಾರವಾರವೂ ಹೇಳುತ್ತಿದ್ದೆ.

"ಇದು ಕೌದಿ ಇದ್ದಂಗರಿ ಸರ, ಒಂದೊಂದೇ ತುಂಡು ಹಚ್ಚಬೇಕು" ಎನ್ನುತ್ತಿದ್ದರು.

ಅಫಜಲಪುರದಲ್ಲಿ ನಡೆಯಲಿದ್ದ ಮಕ್ಕಳ ಪ್ರೋಗ್ರಾಂಗಳ ಪ್ರದರ್ಶನದ ಹಿಂದಿನ ದಿನ ಮಕ್ಕಳು ಹೂ ದೊಡ್ಡದಾಗಬೇಕೆಂದರು. ಆಕೆ ಎಂಟರಲ್ಲಿ ಏಳೇ ಎಸಳುಗಳ ಅಳತೆ ತಿದ್ದಿದ್ದರಿಂದ ಹೂ ಸೊಟ್ಟಗಾಯಿತು.

"ನಾಳಿ ಮಂದಿ ನಗ್ತಾರ್ರಿ ಮಿಸ್" ಎಂದು ಹುಡುಗಿಯೊಬ್ಬಳು ಅಳತೊಡಗಿದಳು.

ಕಡೆಗೆ ಆಕೆ ನಾನು ಹೇಳಿದ ಬ್ಲಾಕನ್ನು ರಚಿಸಿ, ಅಳತೆಯನ್ನು ಒಂದೇ ಕಡೆ ಬದಲಿಸಿದರು. ಎಲ್ಲ ಎಸಳುಗಳೂ ಸಮನಾಗಿ ಅರಳಿದವು.

"ಇಷ್ಟ್ ಸಸಾರ ಅದಂತ ಮದ್ಲೇ ಹೇಳಬಾರ್ದೇನ್ರಿ ಸರ?" ಎಂದು ನನ್ನನ್ನೇ ಗದರಿದರು. ಅಂದು ೨೦೨೩ರ ನವೆಂಬರ್ ೯, ಗುರುವಾರ.