ಚೀಲದೊಳಗಿನ ತವರು ಜೋಳ

ಸೋಲಾಪುರ ಜಿಲ್ಲೆಯ ಮೈಂದರ್ಗಿಗೆ ಹತ್ತಿರದ ನಮ್ಮ ಊರಿನ ಕಡಕ್ ರೊಟ್ಟಿಯ ಪ್ಯಾಕೆಟ್ಟಿನ ಮೇಲೆ ಊರಿನ ಹೆಸರು ಹೇಗೆ ಬಂತೆಂದು ನೀವು ಕೇಳುತ್ತಿರುತ್ತೀರಿ. ನಿಮ್ಮವ್ವನನ್ನು ಕೇಳಿದರೆ ನಗುತ್ತಾಳೆ, ಹೇಳುವುದಿಲ್ಲ. ಅದಕ್ಕೇ ನಿಮ್ಮಜ್ಜಿಯಾದ ನಾನು ಬರೆಯುತ್ತಿದ್ದೇನೆ.

ನಿಮ್ಮವ್ವ ಬಚತ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರನ್ನು ಕೂಡಿಸಿ ರೊಟ್ಟಿ ಮಾಡಿಸುತ್ತಿದ್ದಳು. ಮಂಗಳವೇಢೆಯ ಜೋಳಕ್ಕೆ ಆ ಊರಿನ ಹೆಸರಿನದೇ ಸರಕಾರಿ ಗುರುತು ಸಿಕ್ಕಿದೆಯೆಂದು ಕೇಳಿ, ನಮ್ಮ ಜೋಳಕ್ಕೆ ಯಾಕಿಲ್ಲ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಸೋಲಾಪುರದ ಒಬ್ಬ ಅಂಗಡಿಯವರು, ಜೋಳವೆಲ್ಲ ನಿಮ್ಮ ಊರಲ್ಲೇ ಬೆಳೆದದ್ದಾದರೆ ರೊಟ್ಟಿ ಪ್ಯಾಕೆಟ್ಟಿನ ಚೀಟಿಯ ಮೇಲೆ ಊರಿನ ಹೆಸರು ಹಾಕಿ ಪುಣೆಯವರೆಗೂ ಕಳಿಸುತ್ತೇವೆ ಎಂದರು. ಹೆಸರು ಬಂದರೆ ಗಟದ ಹೆಂಗಸರಿಗೆ ವರ್ಷವಿಡೀ ಕೆಲಸ. ಇಲ್ಲದಿದ್ದರೆ ಸುಗ್ಗಿ ಮುಗಿದ ಮೇಲೆ ಮತ್ತೆ ದೂರದ ಊರುಗಳಿಗೆ ಕೂಲಿಗೆ ಹೋಗಬೇಕು.

ಜೋಳ ನೋಡಲು ಅಂಗಡಿಯವರು ಬರುವ ದಿನ ಗಟದ ಹೆಂಗಸರು ಮನೆಮನೆಯಿಂದ ಜೋಳ ತಂದು ಚೀಲ ತುಂಬಿದರು. ನಮ್ಮಲ್ಲೊಂದು ರೂಢಿಯಿದೆ. ತವರಿಗೆ ಹೋದ ಹೆಣ್ಣುಮಗಳಿಗೆ ಉಡಿ ತುಂಬುತ್ತಾರಲ್ಲ, ಆ ಜೋಳದಲ್ಲಿ ಒಂದಿಷ್ಟನ್ನು ಗಡಿಗೆಯಲ್ಲಿ ಎತ್ತಿಡುತ್ತೇವೆ. ಹೊಸ ಚೀಲ ಮನೆಯಿಂದ ಹೊರಬೀಳುವಾಗ ಬರಕತ್ ಇರಲಿ, ಕಾಳು ಹೆಚ್ಚಲಿ ಎಂದು ಗಡಿಗೆಯ ಆ ಜೋಳ ಒಂದು ಹಿಡಿ ಹಾಕುತ್ತೇವೆ. ಇಷ್ಟು ದೊಡ್ಡ ಕೆಲಸ, ಅಂದಮೇಲೆ ಯಾರು ಬಿಟ್ಟಾರು? ಒಬ್ಬೊಬ್ಬಳೂ ಹಾಕಿದಳು, ನಾನೂ ಹಾಕಿದೆ. ನಿಮ್ಮವ್ವ ಚಹಾಕ್ಕೆ ಇಡುತ್ತಿದ್ದಳು, ನೋಡಲಿಲ್ಲ.

ಅಂಗಡಿಯವರು ಮೊರದಲ್ಲಿ ಜೋಳ ಹರವಿದರು. ಮುತ್ತಿನಂಥ ನಮ್ಮ ಕಾಳಿನ ನಡುವೆ ಸಣ್ಣವು, ಹಳದಿ ಬಣ್ಣದವು, ಕೆಂಪು ಚುಕ್ಕೆಯವು ಕಂಡವು. ಎಲ್ಲಿಯದೆಂದು ಕೇಳಿದಾಗ ನಿಮ್ಮವ್ವನ ಮುಖ ಬಿಳಿಚಿತು. ಪಕ್ಕದ ಮನೆಯ ಮುದುಕಿ ಮಾತ್ರ ಹೆದರಲಿಲ್ಲ.

“ನಮ್ಮ ತವರಮನೀದ್ರಿ. ನಾವ ಹಾಕೇವಿ.”

“ಮತ್ತ ಚೀಟಿ ಮ್ಯಾಲ ಯಾವ ಊರು ಬರಿಯೂನ್ರಿ ಆಯಿ? ನಿಮ್ಮೆಲ್ಲಾರ ತವರೂರೂ ಬರಿಯೂನೇನು?”

“ಬರೀರಿ. ಗಂಡನ ಊರಿನಕಿಂತ ಮೊದಲ ಬರೀರಿ.”

ಎಲ್ಲರೂ ನಕ್ಕರು, ಅಂಗಡಿಯವರೂ ನಕ್ಕರು. ಆದರೆ ಈ ಚೀಲ ನಡೆಯುವುದಿಲ್ಲ ಎಂದು ಮೊರ ಕೆಳಗಿಟ್ಟರು. ಗಂಡಸರ ಮುಂದೆ ನಾನು ಮಾತಾಡುವವಳಲ್ಲ, ಆದರೆ ಒಂದು ಸಂಶಯ ಕಾಡುತ್ತಿತ್ತು. ನಮ್ಮ ಹೊಲದ ಬೀಜವೇ ನನ್ನ ತವರಿನಿಂದ ಬಂದದ್ದು, ಮಂಗಳವೇಢೆಯ ಕಡೆಯದು. ಸೆರಗು ಎಳೆದುಕೊಂಡು ಕೇಳಿದೆ.

“ಬೀಜ ಬ್ಯಾರೆ ಊರಿಂದ ಬಂದಿದ್ರ ನಡೀತದೇನ್ರಿ?”

ಅಂಗಡಿಯವರು ಮೊರದಿಂದ ನಮ್ಮ ಕಾಳೊಂದನ್ನು ಎತ್ತಿ ಹಿಡಿದರು. ಬೀಜ ಎಲ್ಲಿಂದಲಾದರೂ ಬರಲಿ, ಈ ಮಣ್ಣಿನಲ್ಲಿ ಬೆಳೆದಿದ್ದರೆ ಈ ಊರಿನದೇ ಎಂದರು.

“ಹಂಗಾದ್ರ ನಮಗೂ ಒಂದೊಂದ ಚೀಟಿ ಹಚ್ಚಿ ಹೋಗ್ರಿ” ಎಂದಳು ಪಕ್ಕದ ಮನೆಯ ಮುದುಕಿ.

ಬೇರೆ ಚೀಲ ತುಂಬಿದರೆ ಇನ್ನೊಮ್ಮೆ ಬಂದು ನೋಡುವುದಾಗಿ ಹೇಳಿ ಅಂಗಡಿಯವರು ಹೋದರು. ಆ ಬೆರಕೆ ಜೋಳವನ್ನು ನಾವೇ ಹಂಚಿಕೊಂಡು ರೊಟ್ಟಿ ಮಾಡಿ ತಿಂದೆವು. ನಾನು ಪ್ರತಿ ತುತ್ತಿಗೂ ಯಾವ ಊರಿನ ರುಚಿ ಎಂದು ಹುಡುಕಿದೆ, ಗೊತ್ತಾಗಲಿಲ್ಲ.

ಎರಡನೆಯ ಸಲ ಚೀಲ ತುಂಬುವಾಗ ನಿಮ್ಮವ್ವ ಅದರ ಬಾಯಿಯ ಹತ್ತಿರ ಕಾವಲು ನಿಂತಳು. ಹೆಂಗಸರಿಗೆ ಕೈ ಕಟ್ಟಿಹಾಕಿದ ಹಾಗಾಯಿತು. ಬರಿಗೈಯಲ್ಲಿ ಚೀಲ ಹೊರಗೆ ಕಳಿಸುವುದು ಹೇಗೆ? ಬಾಯಿ ಹೊಲಿದ ಮೇಲೆ ಒಬ್ಬಳು ಬಂದು ತವರಿನ ಹಿಡಿ ಜೋಳದ ಬದಲಿಗೆ ಹೊರಗಡೆ ಕುಂಕುಮ ಹಚ್ಚಿದಳು, ಇನ್ನೊಬ್ಬಳೂ ಹಚ್ಚಿದಳು. ಅಂಗಡಿಯವರು ಬಂದಾಗ ಚೀಲದ ಒಂದು ಬದಿ ಪೂರಾ ಕೆಂಪಾಗಿತ್ತು. ಹೊಲಿಗೆ ಬಿಚ್ಚಿಸಿ, ಕಾಳು ಮೊರಕ್ಕೆ ಹಾಕಿ ನೋಡಿದರು. ಎಲ್ಲ ನಮ್ಮ ಮುತ್ತಿನಂಥ ಕಾಳೇ; ಚೀಟಿಯ ಮೇಲೆ ನಮ್ಮ ಊರಿನ ಹೆಸರು ಹಾಕಲು ಒಪ್ಪಿದರು.