ಬಂಬದ ಅಂದಾಜು ಪಟ್ಟಿ

ನಾನು ಹೊಟ್ಟೆ ಹೊರೆದದ್ದೇ ಅಂದಾಜು ಪಟ್ಟಿ ಬರೆದು. ರಾಯಬಾಗದ ಕಚೇರಿಯಲ್ಲಿ ಕೂತು ನೋಡದ ಕಾಲುವೆಗೆ ಎಷ್ಟು ಸಿಮೆಂಟು ಬೇಕು, ನಡೆಯದ ರಸ್ತೆಗೆ ಎಷ್ಟು ಖಡಿ ಬೇಕು ಎಂದು ಹೇಳಬಲ್ಲವನಾಗಿದ್ದೆ. ಅಂಥವನಿಗೆ ಚಿಕ್ಕೋಡಿಯ ನಮ್ಮ ಮನೆಯ ಬಚ್ಚಲಿನ ಒಂದು ಅಂದಾಜು ಆರು ವರ್ಷ ಕೈಕೊಟ್ಟಿತು ಎಂದರೆ ನೀವು ನಗಬಹುದು. ನಗಿರಿ, ನನ್ನ ಹೆಂಡತಿ ಶಾಂತಾ ಆಗಲೇ ನಕ್ಕು ಮುಗಿಸಿದ್ದಾಳೆ.

ಬಚ್ಚಲಲ್ಲಿ ಒಂದು ತಾಮ್ರದ ಬಂಬವಿತ್ತು. ನಡುವೆ ಕೊಳವೆ, ಕೊಳವೆಯಲ್ಲಿ ಉರಿ, ಸುತ್ತಲೂ ನೀರು, ಕೆಳಗೊಂದು ನಲ್ಲಿ. ಕನ್ನಡ-ಮರಾಠಿ ಗಡಿಯ ಈಚೆಗೂ ಆಚೆಗೂ ಅದಕ್ಕೆ ಒಂದೇ ಹೆಸರು. ಬಿಸಿನೀರಿನ ವಿಷಯದಲ್ಲಿ ನಮ್ಮ ಭಾಗದಲ್ಲಿ ಎಂದೂ ತಂಟೆಯಿಲ್ಲ. ನಮ್ಮ ಬಂಬ ಅವ್ವನ ಮದುವೆಯಲ್ಲಿ ಯಡೂರಿನ ತವರಿನವರು ಕೊಟ್ಟದ್ದು. ನಸುಕಿನಲ್ಲಿ ಶಾಂತಾ ಕಬ್ಬಿನ ಒಣಗಿದ ರವದಿ, ಗೋವಿನಜೋಳದ ದಂಟು, ಹಸಿ ಕಟ್ಟಿಗೆ, ಹೀಗೆ ಸಿಕ್ಕಿದ್ದನ್ನು ತುರುಕಿ ಊದುತ್ತಿದ್ದಳು. ಮೊದಲು ಹೊಗೆ ಬರುತ್ತಿತ್ತು, ಆಮೇಲೆ ಅವಳ ಕೆಮ್ಮು, ಆಮೇಲೆ ನಮಗೆಲ್ಲ ಬೆಳಗಾಗುತ್ತಿತ್ತು.

ಬಿಸಿನೀರು ಕೊರಳಿನ ಕೆಳಗೆ ಸುರಿದುಕೊಂಡರೆ ಬಲ, ತಲೆಗೆ ಸುರಿದುಕೊಂಡರೆ ಕಣ್ಣಿಗೂ ಕೂದಲಿಗೂ ಕೇಡು ಎಂದು ನಮ್ಮ ಹಳೆಯ ವೈದ್ಯರು ವಿಧಿಸಿದ್ದಾರೆ. ಎಷ್ಟು ಸೂಕ್ಷ್ಮ ನೋಡಿ! ಆದರೆ ಆ ನೀರು ಕಾಯಿಸುವವರ ಕಣ್ಣಿಗೆ ಏನಾಗುತ್ತದೆಂದು ಬರೆದಂತಿಲ್ಲ. ಬಹುಶಃ ಅವರ ಮನೆಯಲ್ಲೂ ಬಚ್ಚಲು ಹಿಂದೆ, ಕಣ್ಣಿಗೆ ಬೀಳದ ಕಡೆಯೇ ಇದ್ದಿರಬೇಕು.

ಶಾಂತಾಳ ಕೆಮ್ಮು ಹೆಚ್ಚಾಗಿ ಡಾಕ್ಟರು "ಹೊಗಿ ಬಿಡಸ್ರಿ" ಎಂದ ಮೇಲೆ ಹಳೆಯ ಡೈರಿಯ ಕೊನೆಯ ಪುಟದಲ್ಲಿ ಗ್ಯಾಸ್ ಗೀಸರಿನ ಅಂದಾಜು ಬರೆದೆ. ಗೀಸರು, ಎರಡನೇ ಸಿಲಿಂಡರು, ಪೈಪು, ಗಾಳಿ ಆಡಲು ಗೋಡೆಗೊಂದು ಕಿಂಡಿ, ಗೌಂಡಿಯ ಕೂಲಿ. ಕೆಳಗೆ ಗೆರೆ ಎಳೆದು ಮೊತ್ತ. ಆ ವರ್ಷ ಆ ಮೊತ್ತ ತಂಗಿಯ ಸೀಮಂತಕ್ಕೆ ಹೋಯಿತು. ಮರುವರ್ಷ ನನ್ನ ಬೈಕಿಗೆ. ಕಚೇರಿಯಲ್ಲಿ ಇದಕ್ಕೆ ಮರುವಿನಿಯೋಗ ಎನ್ನುತ್ತೇವೆ, ಕೇಳಲು ಪಾಪವೆನಿಸುವುದಿಲ್ಲ.

"ಏನ್ರಿ, ಈ ವರ್ಷದ ಪಟ್ಟಿಯೊಳಗರ ನನ್ನ ಬಚ್ಚಲಾ ಐತೇನ್ರಿ?" ಎಂದು ಶಾಂತಾ ಪ್ರತಿ ದೀಪಾವಳಿಗೆ ಕೇಳುತ್ತಿದ್ದಳು. ನೀರು ತುಂಬುವ ಹಬ್ಬಕ್ಕೆ ಬಂಬವನ್ನು ಹುಣಸೆಹಣ್ಣಿನಿಂದ ತಿಕ್ಕಿ, ಕೊರಳಿಗೆ ಬಳ್ಳಿ ಸುತ್ತುವವಳೂ ಅವಳೇ. ಅವ್ವ ಮಾತ್ರ, "ಗ್ಯಾಸಿನ ನೀರು ಮೈಗಿ ಹತ್ತೂದಿಲ್ಲ" ಎನ್ನುತ್ತಿದ್ದಳು. ನನಗೂ ಅಷ್ಟೇ ಬೇಕಾಗಿತ್ತು. ತಾಯಿಯ ಮಾತು ಮೀರಬಾರದು ಎಂಬ ಸದ್ಗುಣ ನನಗೆ ಖರ್ಚಿನ ಬಾಬ್ತಿನಲ್ಲಿ ಮಾತ್ರ ಬರುತ್ತದೆ.

ಅಂತೂ ಆರನೆಯ ವರ್ಷ ಗೀಸರು ಬಂತು. ಆ ವರ್ಷ ತಿದ್ದಿದ ಅಂದಾಜಿಗಿಂತ ಒಂದು ರೂಪಾಯಿ ಹೆಚ್ಚಾಗಲಿಲ್ಲ. ನಾನು ಎದೆಯುಬ್ಬಿಸಿ ನಿಂತಿದ್ದೆ. ಕೂಡಿಸಲು ಬಂದ ಮಿಸ್ತ್ರಿ ಅದನ್ನು ಗೋಡೆಗೆ ತೂಗುಹಾಕಿ, ಮಾಳಿಗೆಯ ಕಡೆ ನೋಡಿ ಕೇಳಿದ: "ಸಾಹೇಬ್ರ, ಟಾಕಿ ಎಲ್ಲೈತ್ರಿ?"

"ಟಾಕಿ ಯಾತಕ್ಕೋ? ತೊಟ್ಟಿ ಐತಲ್ಲ ಅಂಗಳದಾಗ."

"ನೀರು ಮ್ಯಾಲಿಂದ ಜೋರ್‍ಲೆ ಬಂದ್ರನ ಇದು ಹೊತ್ಕೋತೈತ್ರಿ. ತೊಟ್ಟ್ಯಾಗಿನ ನೀರು ತಾನ ಗ್ವಾಡಿ ಹತ್ತತೈತೇನ್ರಿ?"

ಊರಿಗೆ ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಅದನ್ನು ತೊಟ್ಟಿಗೆ ತುಂಬಿ, ಕೊಡದಲ್ಲಿ ಎತ್ತಿ ಬಂಬಕ್ಕೆ ಹುಯ್ಯುವವಳು ಶಾಂತಾ. ನಾನು ಒಂದು ದಿನವಾದರೂ ಹುಯ್ದಿದ್ದರೆ ಟಾಕಿಯೂ ಮೋಟಾರೂ ಪಟ್ಟಿಯಲ್ಲಿ ಬರುತ್ತಿದ್ದವು. ನನ್ನ ಲೆಕ್ಕದಲ್ಲಿ ನೀರು ತಾನಾಗಿಯೇ ಬಚ್ಚಲಿಗೆ ಬರುತ್ತಿತ್ತು.

ಗೀಸರು ಗೋಡೆಯ ಮೇಲೆ ಹೊಳೆಯುತ್ತಿತ್ತು, ಅದರ ಕೆಳಗೆ ಕೂತು ಶಾಂತಾ ಮತ್ತೆ ರವದಿ ಊದುತ್ತಿದ್ದಳು. ನಾನು, "ಟಾಕಿ ಮುಂದಿನ ವರ್ಷದ ಅಂದಾಜಿಗೆ ಹಾಕೂಣು" ಎಂದೆ.

ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಿದಳು. "ಬಂಬಾ ತೂಕಕ್ಕ ಹಾಕು. ಬಂದ ರೊಕ್ಕದಾಗ ಟಾಕಿ ತಾ."

"ಅವ್ವಾ, ಅದು ನಿನ್ನ ತೌರಮನೀದು."

"ತೌರಮನ್ಯಾಗ ತಾಮ್ರ ಕೊಟ್ಟಿದ್ರು, ಹೊಗಿ ಕೊಟ್ಟಿದ್ದಿಲ್ಲ. ಆಕಿ ಬರೂದಕ್ಕಿಂತ ಮೊದಲ ಇಪ್ಪತ್ತು ವರ್ಷ ನಾನೂ ಕೆಮ್ಮೀನಿ. ನಿಮ್ಮಪ್ಪಗ ಕೇಳಸಲಿಲ್ಲ. ನಿನಗೂ ಕೇಳಸವಲ್ತೇನು?"

ನನಗೆ ನಾಚಿಕೆಯಾಯಿತು. ಅವ್ವ ಕೆಮ್ಮುತ್ತಿದ್ದದ್ದು ನೆನಪಿಗೇ ಬರಲಿಲ್ಲ, ಅದಕ್ಕಾಗಿ ಇನ್ನಷ್ಟು ನಾಚಿಕೆ.

ಹಳೆಯ ಪಾತ್ರೆ ಕೊಳ್ಳುವ ಭಾಂಡೆ ಅಂಗಡಿಯವನು ಬಂಬದೊಳಗೆ ಕಟ್ಟಿದ್ದ ಸುಣ್ಣದ ಪದರನ್ನು ಸುತ್ತಿಗೆಯಿಂದ ಉದುರಿಸಿಯೇ ತೂಗಿದ. ಆದರೂ ತಾಮ್ರ ತಾಮ್ರವೇ. ಟಾಕಿ, ಮೋಟಾರು ಎರಡೂ ಬಂದು ಮಿಕ್ಕ ಹಣದಲ್ಲಿ ಅವ್ವ ಒಂದು ತಾಮ್ರದ ತಂಬಿಗೆ ಕೊಂಡಳು. ಗೀಸರಿನ ನೀರಿನಲ್ಲಿ ಮೊದಲು ಮಿಂದವಳೂ ಅವಳೇ. "ನೀರು ಬಿಸಿ ಅದಾವು, ಖರೆ ಅವಸರ ಭಾಳ" ಎಂದು ತೀರ್ಪು ಕೊಟ್ಟಳು.

ಮರುದಿನ ನಾನು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ರಾಯಬಾಗದ ಬಸ್ಸು ಹೋಗಿ ಒಂದು ತಾಸಾಗಿತ್ತು. ದಿನವೂ ನಸುಕಿಗೆ ಏಳುವ ಅವ್ವ ಇನ್ನೂ ಹೊದ್ದು ಮಲಗಿದ್ದಳು. ಪಕ್ಕದಲ್ಲಿ ಶಾಂತಾ, ಬಾಯಿ ತುಸು ತೆರೆದು, ಮಗುವಿನಂತೆ ನಿದ್ದೆ ಮಾಡುತ್ತಿದ್ದಳು. ಇಷ್ಟು ವರ್ಷ ಈ ಮನೆಯನ್ನು ಎಬ್ಬಿಸುತ್ತಿದ್ದದ್ದು ಏನೆಂದು ಆಗ ಹೊಳೆಯಿತು.

ಅವಳನ್ನು ಎಬ್ಬಿಸಲಿಲ್ಲ. ಡೈರಿ ತೆಗೆದು, ಮೊತ್ತದ ಗೆರೆಯ ಕೆಳಗೆ ಬಿಟ್ಟುಹೋಗಿದ್ದ ಇನ್ನೊಂದು ಬಾಬ್ತು ಬರೆದೆ: ಅಲಾರಾಂ ಗಡಿಯಾರ, ಒಂದು.