ಮಸ್ಕತ್ತಿನಲ್ಲಿ ಇಲ್ಲದ ಕಾನೂನು

ಅವ್ವ, ಮಸ್ಕತ್ತಿನಲ್ಲಿ ಅಂಥ ಕಾನೂನೇ ಇಲ್ಲ. ಐವತ್ತು ದಾಟಿದ ಪ್ರವಾಸಿಗಳು ಒಬ್ಬರೇ ಬೀದಿಗಿಳಿದರೆ ಪೊಲೀಸರು ಹಿಡಿಯುತ್ತಾರೆ ಎಂದದ್ದು—ನಾನು ಹುಟ್ಟಿಸಿ ಹೇಳಿದ ಸುಳ್ಳು. ಮೂರು ವರ್ಷವಾಯಿತು.

ಆ ಬೆಳಗ್ಗೆ ನಿನಗೆ ನೆನಪಿರಬೇಕು. ಹೊಳೆನರಸೀಪುರದಿಂದ ಹೋಗಿ ಎರಡೇ ದಿನ. ಅಕ್ಕ ಆಸ್ಪತ್ರೆಗೆ ನರ್ಸ್ ಡ್ಯೂಟಿಗೆ ಹೋಗಿದ್ದಳು. ನಾವಿಬ್ಬರೂ ಅವಳ ಮನೆಯ ಕೆಳಗಿನ ಅಂಗಡಿಗೆ ಇಳಿದೆವು. ನೀನು ಸಂತೆಗೆ ಬಂದವಳ ಹಾಗೆ ಸೆರಗು ಸಿಕ್ಕಿಸಿಕೊಂಡು ಕೇಳಿದೆ: "ಅರ್ಧ ಲೀಟ್ರು ಆಲು ಕೊಡಪ್ಪ."

ಅಂಗಡಿಯವನು ಬಾಂಗ್ಲಾದೇಶದವನು. ಅವನ ಭಾಷೆಯಲ್ಲಿ ಆಲು ಅಂದರೆ ಆಲೂಗೆಡ್ಡೆ. "ಆಲು! ಆಲು!" ಎಂದು ಖುಷಿಯಿಂದ ಒಂದು ಚೀಲ ತುಂಬಿ ತಂದಿಟ್ಟ.

"ಅಯ್ಯೋ ನಿನ್ ಮನೆ ಕಾಯ್ವೋಗ! ಇಮಾನ ಅತ್ತಿ ಬಂದಿದ್ದು ಗೆಡ್ಡೆ ತಿನ್ನಾಕಾ? ನಮ್ ಕಡೆ ವಲದ ತುಂಬ ಅದೇ ಕಣ್ಲಾ! ನಾನ್ ಕೇಳಿದ್ದು ಆಲು—ಎಮ್ಮೆ ಆಲು!" ಎಂದು ನೀನು ಎರಡೂ ಕೈಯಲ್ಲಿ ಗಾಳಿಯಲ್ಲೇ ಹಾಲು ಕರೆದು ತೋರಿಸಿದೆ. ಅಂಗಡಿಗೆ ಅಂಗಡಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನೀನೇ ನಕ್ಕೆ. ಆ ನಗುವಿನಲ್ಲಿ ಯಾರ ಕುಹಕವೂ ಇರಲಿಲ್ಲ—ಈಗ ಗೊತ್ತು. ಆಗ ಮಾತ್ರ, ಹಾಸನದ ಕಾಲೇಜು ಸೇರಿ ಕಷ್ಟಪಟ್ಟು 'ಹ'ಕಾರ ಕಲಿತಿದ್ದ ನನಗೆ ಕಿವಿಯೆಲ್ಲ ಬಿಸಿಯಾಗಿತ್ತು.

ಲಿಫ್ಟಿನಲ್ಲಿ ನೀನು, "ನಾಳಿಂದ ನಾನೇ ಬತ್ತೀನಿ ಕಣವ್ವ. ಅಂಗೇ ಸಮುದ್ರದ ತಂಕ ಓಗಿ ಬತ್ತೀನಿ" ಅಂದೆ. ನಾನು ಆ ಕಾನೂನು ಹೇಳಿದ್ದು ಆಗಲೇ. ಮೀರಿದರೆ ಅಕ್ಕನ ಕೆಲಸಕ್ಕೆ ತೊಂದರೆ ಅಂತಲೂ ಸೇರಿಸಿದೆ. ನೀನು ಒಂದೂ ಪ್ರಶ್ನೆ ಕೇಳಲಿಲ್ಲ. "ಅವ್ಳಿಗೆ ಏಳ್ಬ್ಯಾಡ, ನೊಂದ್ಕತಾಳೆ" ಅಂದೆ, ಅಷ್ಟೇ.

ನೋಡಿದ್ದನ್ನೆಲ್ಲ ಎಣಿಸಿ ಬರೆದಿಡುವುದು ನನ್ನ ಅಭ್ಯಾಸ. ಆ ತಿಂಗಳ ನನ್ನ ಲೆಕ್ಕ: ಕೋಟೆ ಎರಡು, ಮೀನಿನ ಮಾರುಕಟ್ಟೆ ಒಂದು, ಸಮುದ್ರದಂಡೆಯ ಸಂಜೆ ಹದಿನಾಲ್ಕು. ನಿನ್ನದು: ಅಕ್ಕನಿಗೆ ರಜೆಯಿದ್ದ ನಾಲ್ಕು ದಿನ. ಮಿಕ್ಕಂತೆ ಬಾಲ್ಕನಿ. ಜೊತೆಗೆ ಬಾ ಎಂದು ನೀನು ಕರೆದಾಗ ತಲೆನೋವು ಎಂದೆ; ಮಧ್ಯಾಹ್ನ ನೀನು ಮಲಗಿದ ಮೇಲೆ ಒಬ್ಬಳೇ ಹೊರಟೆ. ಆದರೂ ಆ ಬಾಲ್ಕನಿಯಿಂದಲೇ ನೀನು ಅಂಗಡಿಯವನ ಗೆಳೆತನ ಮಾಡಿಬಿಟ್ಟಿದ್ದೆ—ಅವನು ಕೆಳಗಿಂದ "ಅಮ್ಮಾ, ಆಲು?" ಎಂದು ಕೂಗುವುದು, ನೀನು ಮೇಲಿಂದ ಹಾಲು ಕರೆದು ತೋರಿಸುವುದು. ನನ್ನ ಯಾವ ಕೋಟೆಯಲ್ಲೂ ಅಷ್ಟು ನಗು ಇರಲಿಲ್ಲ.

ಅಕ್ಕ ಈಗ ಮತ್ತೆ ಕರೆದಿದ್ದಾಳೆ. ನೀನು "ಬ್ಯಾಡ ಕಣವ್ವ, ಒಂದ್ಸಲ ನೋಡಾಯ್ತಲ್ಲ" ಎಂದು ಫೋನ್ ಇಟ್ಟೆ. ಆಮೇಲೆ ಅವಳು ನನಗೆ ಫೋನ್ ಮಾಡಿ ಕೇಳಿದಳು: "ಅವ್ವಂಗೆ ನನ್ ಮ್ಯಾಲೆ ಏನಾರ ಕ್ವಾಪವೇನೇ?"

ನನಗೆ ಉತ್ತರ ಗೊತ್ತಿತ್ತು. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟು ಇದನ್ನು ಬರೆಯಲು ಕೂತೆ.

ನಾಳೆ ಇದನ್ನು ನಿನ್ನೆದುರು ಕೂತು ಓದುತ್ತೇನೆ. ನಿನ್ನ ಬೈಗುಳ ಮುಗಿಯುವ ತನಕ ಏಳುವುದಿಲ್ಲ. ಅಕ್ಕನಿಗೂ ನಾನೇ ಹೇಳುತ್ತೇನೆ. ಈ ಸಲ ನೀನೊಬ್ಬಳೇ ಹೋಗಿ ಬಾ, ಅವ್ವ. ಪಕ್ಕದಲ್ಲಿದ್ದರೆ ಮತ್ತೆ ನಿನ್ನ ಮಾತಿಗೆ ನಾಚಿಬಿಟ್ಟೇನು ಎಂಬ ಭಯ—ಅದು ಇನ್ನೂ ಪೂರ್ತಿ ಹೋಗಿಲ್ಲ.